ಪಟ್ಟದ ಗೊಂಬೆಗೆ ಮ್ಯೂಸಿಯಂ ಭಾಗ್ಯ

ಈ ಸಲದ ನವರಾತ್ರಿಯಲ್ಲಿ ನಮ್ಮ ಮನೆಯ ಗೊಂಬೆಗಳನ್ನು ವಿಶ್ವದರ್ಜೆಗೆ ಏರಿಸಿಯೇ ತೀರುತ್ತೇನೆ ಎಂದು ನಾನು ಘೋರ ಪ್ರತಿಜ್ಞೆ ಮಾಡಿದೆ! ಆಕಾಶದಿಂದ ಹೂಮಳೆಯೇನೂ ಸುರಿಯಲಿಲ್ಲ. ಅಡುಗೆಮನೆಯಿಂದ ಸೌಟು ಕುಕ್ಕಿದ ಸದ್ದು ಬಂತು.

“ಇರೋ ದರ್ಜೇಲೇ ಇರ್ಲಿ ಬಿಡ್ರೀ. ಪಾಪ, ಅವು ನಿಮಗೇನು ಮಾಡಿದ್ವು?” ಎಂದಳು ನನ್ನ ಹೆಂಡತಿ ಮಂದಾಕಿನಿ.

ಹಿನ್ನೆಲೆ ಹೇಳಿಬಿಡುತ್ತೇನೆ. ವಿಮಾ ಕಂಪನಿಯವರು ನನ್ನನ್ನು ಮೈಸೂರಿನಿಂದ ಎತ್ತಿ ಅಹಮದಾಬಾದಿನ ಬೋಪಾಲ್ ಬಡಾವಣೆಯ ಒಂದು ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಒಗೆದು ವರ್ಷಗಳಾದವು. ಮಂದಾಕಿನಿ ಮಾತ್ರ ಪ್ರತಿ ದಸರೆಗೂ ತಪ್ಪದೆ ಹಾಲ್‌ನ ಗೋಡೆಗೆ ಒರಗಿಸಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾಳೆ. ಮೇಲಿನ ಮೆಟ್ಟಿಲಲ್ಲಿ ಅವಳ ಪಟ್ಟದ ಗೊಂಬೆ, ಅಂದರೆ ಮದುವೆಯಲ್ಲಿ ಅವಳ ಅಮ್ಮ ಕೊಟ್ಟ ಮರದ ರಾಜ ರಾಣಿ. ನೋಡಲು ಬಂದವರಿಗೆ ಕೊಡಬೇಕೆಂದು ದಿನಾ ಕಡಲೆಕಾಳಿನ ಉಸಲಿ ಮಾಡುತ್ತಾಳೆ. ಆದರೆ ಬರುವವರು ಯಾರು? ಇಲ್ಲಿ ನವರಾತ್ರಿ ಎಂದರೆ ಗರ್ಬಾ. ಅಕ್ಕಪಕ್ಕದ ಹೆಂಗಸರೆಲ್ಲ ಘಾಗ್ರಾ ಉಟ್ಟು ಲಿಫ್ಟಿನಲ್ಲಿ ಸೀದಾ ಕೆಳಗಿನ ಮೈದಾನಕ್ಕೆ ಇಳಿಯುತ್ತಾರೆ. ಉಸಲಿಯನ್ನು ನಾನೇ ತಿನ್ನುತ್ತೇನೆ. ದಸರಾ ಮುಗಿದರೂ ಅದರ ಪರಿಣಾಮ ಮುಗಿಯುವುದಿಲ್ಲ.

ಹೀಗಿರುವಾಗ ಒಂದು ಭಾನುವಾರ ಹೆಂಡತಿ, ಮಗಳು ಅದಿತಿಯೊಂದಿಗೆ ವಡೋದರಾದ ಒಂದು ಮ್ಯೂಸಿಯಂಗೆ ಹೋದೆ. ನನಗೆ ಅಲ್ಲೇ ಜ್ಞಾನೋದಯವಾಯಿತು! ಹಾಲ್ ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ಶಿಲ್ಪ, ಮೇಲೊಂದು ದೀಪ, ಕೆಳಗೊಂದು ಚೀಟಿ. ಜನ ಕೈ ಹಿಂದೆ ಕಟ್ಟಿಕೊಂಡು ಸುತ್ತಲೂ ಪಿಟ್ಟೆನ್ನದೆ ನಡೆಯುತ್ತಿದ್ದರು.

“ನೋಡಿದ್ಯಾ ಮಂದಾ? ಕಲೆಯ ಮುಂದೆ ಮನುಷ್ಯ ಮೌನಿ ಆಗ್ತಾನೆ. ಸಮಾಜ ಉದ್ಧಾರ ಆಗೋದೇ ಹೀಗೆ!”

“ಮೌನ ಸರಿ. ಬಂದೋರನ್ನ ಒಬ್ರಾದ್ರೂ ಕೂತ್ಕೊಳಿ ಅಂದ್ರಾ?”

ಒಂದು ಪೆಟ್ಟಿಗೆ ಖಾಲಿಯಿತ್ತು. ‘ದುರಸ್ತಿಗಾಗಿ ತೆಗೆದಿಡಲಾಗಿದೆ’ ಎಂಬರ್ಥದ ಚೀಟಿ ಮಾತ್ರ ಗಂಭೀರವಾಗಿ ಕುಳಿತಿತ್ತು. ನನಗೆ ಅದನ್ನು ಕಂಡು ರೋಮಾಂಚನವಾಯಿತು. ಇಲ್ಲದ ವಸ್ತುವಿಗೂ ಎಂಥ ಮರ್ಯಾದೆ!

ಮನೆಗೆ ಬಂದವನು ನವರಾತ್ರಿ ಬರುವುದನ್ನೇ ಕಾದು ಕೆಲಸ ಶುರು ಮಾಡಿದೆ. ಸೋಫಾ, ಟೀಪಾಯಿ ಎಲ್ಲವನ್ನೂ ಮಲಗುವ ಕೋಣೆಗೆ ತಳ್ಳಿದೆ. ಗೊಂಬೆಯ ಮೆಟ್ಟಿಲನ್ನು ಗೋಡೆಯಿಂದ ಬಿಡಿಸಿ ಹಾಲ್‌ನ ನಟ್ಟನಡುವೆ ತಂದೆ. ನಾಲ್ಕು ದಿಕ್ಕಿನಿಂದಲೂ ವೀಕ್ಷಿಸಬೇಕಲ್ಲ! ಅಡುಗೆಮನೆಯ ಸ್ಟೂಲುಗಳಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ಸುತ್ತ ಬೇಲಿ ಹಾಕಿದೆ. ಅದಿತಿಯ ಮೀನುಗಳು ಸ್ವರ್ಗಸ್ಥವಾದ ಮೇಲೆ ಬಾಲ್ಕನಿಯಲ್ಲಿ ಬಿದ್ದಿದ್ದ ಗಾಜಿನ ತೊಟ್ಟಿಯನ್ನು ತೊಳೆದು ರಾಜ ರಾಣಿಯ ಮೇಲೆ ಬೋರಲು ಹಾಕಿದೆ.

“ಅಯ್ಯೋ, ಮೀನಿನ ತೊಟ್ಟೀನಾ! ಅಮ್ಮ ಮಡೀಲಿ ಪೂಜೆ ಮಾಡ್ತಿದ್ದ ಗೊಂಬೆ ಕಣ್ರೀ ಅದು!”

“ಸಂರಕ್ಷಣೆ, ಮಂದಾ! ಸಂರಕ್ಷಣೆ!”

“ನೋಡಿ, ಹೇಳಿರ್ತೀನಿ. ಅದರ ಮೇಲೆ ಒಂದು ಗೀರು ಬಿದ್ರೂ ನೀವೇ ಮೈಸೂರಿಗೆ ಹೋಗಿ ಅಮ್ಮನ ಮುಂದೆ ಕೈಕಟ್ಟಿ ನಿಂತು ಉತ್ತರ ಹೇಳ್ಬೇಕು!”

ನನ್ನ ಅತ್ತೆಯವರನ್ನು ಬಲ್ಲವರಿಗೆ ಇದು ಎಂಥ ಶಿಕ್ಷೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ನಾನು ಧೃತಿಗೆಡದೆ ಚೀಟಿ ಬರೆಯಲು ಕೂತೆ. ಕೆಳಗಿನ ಮೆಟ್ಟಿಲಲ್ಲಿದ್ದ ಶೆಟ್ಟರು ಶೆಟ್ಟಮ್ಮನ ಅಂಗಡಿಗೆ ‘ವರ್ತಕ ದಂಪತಿ. ಮಣ್ಣು ಮತ್ತು ಬಣ್ಣ. ಗ್ರಾಮೀಣ ಅರ್ಥವ್ಯವಸ್ಥೆಯ ಮೇಲೊಂದು ಮಾರ್ಮಿಕ ವ್ಯಾಖ್ಯಾನ’ ಎಂದು ಬರೆದೆ.

“ಶೆಟ್ಟರ ಮುಂದೆ ಅಕ್ಕಿ ಬೇಳೆ ಇಡ್ತಾರೆ ಕಣ್ರೀ, ವ್ಯಾಖ್ಯಾನ ಅಲ್ಲ!”

ಕೈ ಮುರಿದ ಪೊಲೀಸ್ ಗೊಂಬೆಯನ್ನು ಒಳಗಿಟ್ಟು ಅದರ ಜಾಗದಲ್ಲಿ ‘ದುರಸ್ತಿಗಾಗಿ ತೆಗೆದಿಡಲಾಗಿದೆ’ ಎಂಬ ಚೀಟಿಯನ್ನು ಸ್ಥಾಪಿಸಿದೆ. ಅದನ್ನಂತೂ ನಾನೇ ದೂರದಿಂದ, ಹತ್ತಿರದಿಂದ, ಓರೆಯಾಗಿ ನಿಂತು ಸವಿದೆ. ಕೊನೆಗೆ ಬಾಗಿಲಿಗೆ ಫಲಕ ಹಾಕಿದೆ: ಮಾತು ನಿಷಿದ್ಧ, ಸ್ಪರ್ಶ ನಿಷಿದ್ಧ, ತಿಂಡಿ ನಿಷಿದ್ಧ.

“ಉಸಲೀನೂ ಕೊಡಬಾರ್ದಾ?” ಮಂದಾಕಿನಿಯ ದನಿ ಸಣ್ಣಗಾಯಿತು. “ಯಾರೂ ಬರಲ್ಲ ಅಂತ ಗೊತ್ತು. ಬಂದ್ರೆ ಬರಿಗೈಲಿ ಕಳಿಸೋದಾ?”

ನನಗೂ ಒಂದು ಕ್ಷಣ ಕೆಟ್ಟದೆನಿಸಿತು. ಆದರೆ ವಿಶ್ವದರ್ಜೆಯ ಸಂಸ್ಥೆ ನಡೆಸುವವನು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಸರಸ್ವತಿ ಹಬ್ಬದ ಸಂಜೆ ಮಂದಾಕಿನಿ ಗೊಂಬೆಗಳ ನಡುವೆ ಸರಸ್ವತಿಯ ವಿಗ್ರಹವಿಟ್ಟು ದೀಪ ಹಚ್ಚಿದಳು. ಅಷ್ಟರಲ್ಲಿ ಧೋ ಎಂದು ಮಳೆ ಸುರಿಯಿತು. ಮೈದಾನ ಕೆಸರಾಯಿತು, ಗರ್ಬಾ ನಿಂತಿತು. ಸಿಂಗರಿಸಿಕೊಂಡ ಹೆಂಗಸರೆಲ್ಲ ಮುಖ ಸಪ್ಪೆ ಮಾಡಿಕೊಂಡು ಲಿಫ್ಟಿನ ಮುಂದೆ ನಿಂತಿದ್ದಾಗ ನಮ್ಮ ಎದುರು ಮನೆಯ ನಿಕಿತಾಬೆನ್ ಅವರನ್ನೆಲ್ಲ ಕರೆದುಕೊಂಡು ನಮ್ಮ ಬಾಗಿಲಿಗೇ ಬಂದುಬಿಟ್ಟರು! ವೀಕ್ಷಕರು! ನಾನು ಕುರ್ಚಿಯಿಂದ ಎದ್ದು, ಆಫೀಸಿನ ಬ್ಯಾಡ್ಜು ಸರಿಪಡಿಸಿಕೊಂಡು, ತುಟಿಗೆ ಬೆರಳಿಟ್ಟೆ.

ನಿಕಿತಾಬೆನ್ ಒಳಗೆ ನೋಡಿದರು. ನಡುವೆ ದೇವಿ. ಅವಳ ಮುಂದೆ ಉರಿಯುವ ದೀಪ. ಸುತ್ತಲೂ ಖಾಲಿ ನೆಲ. ಅವರ ಕಣ್ಣುಗಳು ಅರಳಿದವು.

“ಬಹು ಸರಸ್, ಬಹಳ ಚೆನ್ನಾಗಿದೆ, ಹೃಷಿಕೇಶ್‌ಭಾಯ್! ಮಾತಾಜಿಯನ್ನ ಸರಿಯಾಗಿ ನಡುವೆಯೇ ಕೂರಿಸಿದ್ದೀರಿ! ಎಲ್ಲ ತಯಾರಿ ಮಾಡಿ ನಮ್ಮನ್ನ ಕರೆಯೋದೇ ಮರೆತ್ರಾ?” ಎಂದು ಗುಜರಾತಿ ಬೆರೆತ ಹಿಂದಿಯಲ್ಲಿ ಗದರಿದರು.

ಆಗ ಹೊಳೆಯಿತು ನನ್ನ ಬುದ್ಧಿವಂತಿಕೆಯ ಬೆಲೆ! ಇಲ್ಲಿಯವರಿಗೆ ನವರಾತ್ರಿಯಲ್ಲಿ ನಡುವೆ ದೇವಿ, ಸುತ್ತ ಬಯಲು ಎಂದರೆ ಒಂದೇ ಅರ್ಥ: ಕುಣಿಯಿರಿ! ಗೋಡೆಗೆ ಒರಗಿಕೊಂಡಿದ್ದರೆ ಗೊಂಬೆಗಳು ಗೊಂಬೆಗಳಾಗಿಯೇ ಇರುತ್ತಿದ್ದವು. ನಿಕಿತಾಬೆನ್ “ಕಾಲಿಗೆ ಸಿಕ್ಕತ್ತೆ” ಎಂದು ಹಗ್ಗ ಬಿಚ್ಚಿ, ಸುತ್ತಿ, ನನ್ನ ಕೈಗೇ ಕೊಟ್ಟರು. ಅದಿತಿ ದ್ರೋಹಿ! ಸ್ಪೀಕರ್ ತಂದು ಹಾಡು ಹಾಕಿದಳು.

ವೃತ್ತ ತಿರುಗತೊಡಗಿತು. ಮೊದಲು ನಮ್ಮ ಮಹಡಿಯವರು, ಆಮೇಲೆ ಮೇಲಿನವರು, ಆಮೇಲೆ ಯಾರೆಂದೇ ಗೊತ್ತಿಲ್ಲದವರು. ನೆಲ ಅದುರಿತು. ಶೆಟ್ಟಮ್ಮ ಶೆಟ್ಟರ ಹೆಗಲಿಗೆ ಒರಗಿದಳು. ತುತ್ತತುದಿಯಲ್ಲಿ ಗಾಜಿನ ತೊಟ್ಟಿ ಕಣಕಣ ಎನ್ನುತ್ತ ರಾಜ ರಾಣಿಯ ಸಮೇತ ಅಂಚಿಗೆ ಸರಿಯತೊಡಗಿತು! ನನ್ನ ಕಣ್ಣ ಮುಂದೆ ಅತ್ತೆಯವರು ಬಂದರು.

ಎರಡು ಸುತ್ತಿನ ಚಪ್ಪಾಳೆಗಳ ನಡುವೆ ನುಗ್ಗಿದೆ. ತೊಟ್ಟಿಯನ್ನು ಎತ್ತಿ, ಬಾಯಿ ಮೇಲಾಗಿ ಕೆಳಗಿಟ್ಟೆ. ಬಲಗೈಯಲ್ಲಿ ರಾಜ, ಎಡಗೈಯಲ್ಲಿ ರಾಣಿ. ವಾಲುತ್ತಿದ್ದ ಮೆಟ್ಟಿಲಿಗೆ ಸೊಂಟ ಕೊಟ್ಟೆ. ನಿಲ್ಲಲು ಜಾಗವಿಲ್ಲದೆ ಒಂದು ಕಾಲು ಮೀನಿನ ತೊಟ್ಟಿಯೊಳಗೇ ಹೋಯಿತು. ಹೊರಗೆ ಬರಲು ದಾರಿಯಿಲ್ಲ. ರಾಜ ರಾಣಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಗಂಟಲು ಹರಿಯುವಂತೆ ಕೂಗಿದೆ: “ಮುಟ್ಬೇಡಿ! ಮುಟ್ಬೇಡಿ!”

ಕನ್ನಡ ಯಾರಿಗೆ ಗೊತ್ತು? ಏನೋ ಮೈಸೂರಿನ ಜೈಕಾರವಿರಬೇಕೆಂದುಕೊಂಡು ಅವರೆಲ್ಲ ಭಕ್ತಿಯಿಂದ “ಮುಟ್ಬೇಡಿ! ಮುಟ್ಬೇಡಿ!” ಎನ್ನುತ್ತ ತಾಳಕ್ಕೆ ಸರಿಯಾಗಿ ನನ್ನನ್ನು ಸುತ್ತಿದರು. ಒಬ್ಬ ಅಜ್ಜಿ ನನ್ನ ಹಣೆಗೂ ಕುಂಕುಮ ಇಟ್ಟು ಕೈಮುಗಿದರು.

ಬಾಗಿಲಲ್ಲಿ ಮಂದಾಕಿನಿ ದೊನ್ನೆ ದೊನ್ನೆ ಉಸಲಿ ಹಂಚುತ್ತಿದ್ದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಈ ಊರಿಗೆ ಬಂದಮೇಲೆ ನೋಡಿರಲಿಲ್ಲ. ಬಂದ ಪ್ರತಿಯೊಬ್ಬರೂ ಶೆಟ್ಟರ ಅಂಗಡಿಯ ಮುಂದೆ ನಿಂತು ನಗುತ್ತಿದ್ದರು, ಇದು ಯಾರು, ಅದು ಏನು ಎಂದು ಅವಳನ್ನೇ ಕೇಳುತ್ತಿದ್ದರು. ನೋಡಿ ನನಗೂ ಸಂತೋಷವಾಯಿತು. ಆದರೆ ಸೊಂಟ ಕೇಳಬೇಕಲ್ಲ!

“ಮಂದಾ! ಕಾಪಾಡೇ!”

“ಶ್! ಮ್ಯೂಸಿಯಮ್ಮಲ್ಲಿ ಕೂಗಬಾರ್ದು ರೀ!” ಎಂದವಳೇ ಸೆರಗು ಸಿಕ್ಕಿಸಿ ತಾನೂ ವೃತ್ತಕ್ಕೆ ಸೇರಿಕೊಂಡಳು.

ಮಳೆ ನಿಂತು ಜನ ಮೈದಾನಕ್ಕೆ ಇಳಿದಾಗ ರಾಜ ರಾಣಿಯ ಮೇಲೆ ಒಂದು ಗೀರೂ ಇರಲಿಲ್ಲ. ನನ್ನ ಸೊಂಟ ಮಾತ್ರ ಹಿಡಿದುಕೊಂಡಿತ್ತು. ಆಕಾಶಕ್ಕೆ ಎತ್ತಿದ ಕೈಗಳನ್ನು ಅದಿತಿ ಮೂವ್ ಮುಲಾಮು ಹಚ್ಚಿ ಇಳಿಸಬೇಕಾಯಿತು. “ಪಪ್ಪಾ, ನಿಮ್ಮ ವಿಡಿಯೋ ಸೊಸೈಟಿ ಗ್ರೂಪಲ್ಲಿ ಸೂಪರ್ ಹಿಟ್!” ಎಂದು ಸಮಾಧಾನವನ್ನೂ ಹೇಳಿದಳು.

ಮರುದಿನ ಸಂಜೆ ಮೆಟ್ಟಿಲು ಮತ್ತೆ ಗೋಡೆಗೆ ಸೇರಿತ್ತು. ಶೆಟ್ಟರ ಮುಂದೆ ಅಕ್ಕಿ ಬೇಳೆ ಬಂದಿತ್ತು. ನನ್ನ ಚೀಟಿಗಳೆಲ್ಲ ಮಾಯ. ನಾನು ಹಾಲ್‌ನ ಮೂಲೆಗೆ ಮರಳಿದ ಸೋಫಾದಲ್ಲಿ ಅಲುಗಾಡದೆ ಅಂಗಾತ ಬಿದ್ದಿದ್ದೆ. ಲಿಫ್ಟು ನಮ್ಮ ಮಹಡಿಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿತ್ತು. ಬಂದವರು ನನ್ನ ಮುಂದೆ ಕ್ಷಣ ನಿಂತು, ಎದೆಯ ಮೇಲೆ ಏನನ್ನೋ ನೋಡಿ, ಮುಸಿಮುಸಿ ನಕ್ಕು ಮುಂದೆ ಹೋಗುತ್ತಿದ್ದರು.

ಕಷ್ಟಪಟ್ಟು ಕತ್ತು ಬಗ್ಗಿಸಿ ನೋಡಿದೆ. ನನ್ನದೇ ಅಕ್ಷರ. ‘ದುರಸ್ತಿಗಾಗಿ ತೆಗೆದಿಡಲಾಗಿದೆ’.

“ಇದರಲ್ಲಿ ಏನು ಬರೆದಿದೆ, ಮಂದಾಬೆನ್?” ನಿಕಿತಾಬೆನ್ ಕೇಳಿದರು.

“ಅದು ನೋಡೋಕೆ ಇಟ್ಟಿದ್ದಲ್ಲ ಬಿಡಿ,” ಎಂದಳು ಮಂದಾಕಿನಿ, ದೊನ್ನೆ ಅವರ ಕೈಗಿಡುತ್ತ. “ಬನ್ನಿ, ಕೂತ್ಕೊಳಿ. ಗೊಂಬೆ ಈ ಕಡೆ.”