ಅತ್ತೆಯ ಬಿಳಿ ಮೀಸೆ ಮತ್ತು ನಾಲ್ಕು ಕ್ಲಿನಿಕ್ಕುಗಳು

ನಮ್ಮ ವಂಶದಲ್ಲಿ ಮೀಸೆ ಅನ್ನಿಸಿಕೊಳ್ಳುವ ಯೋಗ್ಯತೆಯ ಮೀಸೆ ಇರುವುದು ಒಬ್ಬರಿಗೆ ಮಾತ್ರ. ಅವರು ನನ್ನ ಸೋದರತ್ತೆ!

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ನನ್ನ ಅಪ್ಪನದು ಸವೆದ ಬ್ರಷ್ಷಿನ ಹಾಗೆ ಅಲ್ಲೊಂದು ಇಲ್ಲೊಂದು ಎಳೆ ಇತ್ತು. ನನ್ನದು ಎರಡು ಸಲ ಶುರುವಾಗಿ, ಹೆಂಡತಿಯ ನಗು ತಡೆಯಲಾರದೆ ಎರಡು ಸಲವೂ ಕೈಬಿಟ್ಟ ಯೋಜನೆ. ಅತ್ತೆಯದು ಹಾಗಲ್ಲ. ತುಟಿಯ ಎರಡೂ ತುದಿಯಲ್ಲಿ ಒಂದಿಷ್ಟು ಇಳಿದು, ಮನಸ್ಸು ಮಾಡಿದರೆ ಹುರಿಗೊಳಿಸಬಹುದಾದ ಮೀಸೆ. ಒಂದು ಕಾಲಕ್ಕೆ ಕಪ್ಪಗಿತ್ತು. ಈಗ ವಯಸ್ಸು ಎಪ್ಪತ್ತರ ಹತ್ತಿರ, ಮೀಸೆ ಪೂರ್ತಿ ಬೆಳ್ಳಗೆ. ದೂರದಿಂದ ನೋಡಿದರೆ ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಳ್ಳುವುದನ್ನು ಮರೆತವಳ ಹಾಗೆ ಕಾಣುತ್ತಾಳೆ.

ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಪಡಸಾಲೆಯಲ್ಲಿ ಕೂತು ಮೀಸೆಯ ಬಗ್ಗೆ ಪಿಸುಗುಟ್ಟಿದರಂತೆ. ಅತ್ತೆ ಕಾಫಿ ತಟ್ಟೆ ಹಿಡಿದು ಬಂದು, ಹುಡುಗನ ಮುಖವನ್ನು ನಿಧಾನವಾಗಿ ನೋಡಿ, "ಇಬ್ರಲ್ಲಿ ಒಬ್ರಿಗಾದ್ರೂ ಸರಿಯಾಗಿ ಬಂದದಲ್ಲ, ಬುಡಿ" ಅಂದಳು. ಮದುವೆ ಆಗಿಯೇ ಹೋಯಿತು! ಈ ಪ್ರಸಂಗವನ್ನು ನಾನು ಕಣ್ಣಾರೆ ಕಂಡವನ ಹಾಗೆ, ಕಾಫಿಯ ಹಬೆಯನ್ನೂ ಬಿಡದೆ, ಹೇಳುತ್ತಾ ಬಂದಿದ್ದೇನೆ. "ನೀನಾಗ ಹುಟ್ಟೇ ಇರಲಿಲ್ಲ ಕಣೋ" ಅಂತ ಅಮ್ಮ ಹೇಳಿದ ಮೇಲೂ ಆ ಹಬೆ ನನ್ನ ಕಣ್ಣಿಂದ ಹೋಗಿಲ್ಲ.

ನನ್ನ ನೆನಪಿನ ಯೋಗ್ಯತೆ ಇಷ್ಟು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಪುರಾವೆ ಇಲ್ಲದೆ ಏನನ್ನೂ ನಂಬಬಾರದು ಅಂತ ಕಲಿತು, ಈಗ ಹುಣಸೂರಿನಲ್ಲಿ ಅದನ್ನೇ ಪಾಠ ಮಾಡುವವನು ನಾನು. ದೇವರು, ಜಾತಕ, ಟೀವಿ ಸುದ್ದಿ, ಎಲ್ಲವನ್ನೂ ಅನುಮಾನಿಸಿ ಮುಗಿದ ಮೇಲೆ ಈಗ ನನ್ನ ತಲೆಯನ್ನೇ ಅನುಮಾನಿಸುವ ಸರದಿ. ಗ್ಯಾಸ್ ಆಫ್ ಮಾಡಿದೆನೇ ಅಂತ ಬೀದಿ ತುದಿಯಿಂದ ವಾಪಸು ಬರುತ್ತೇನೆ. ಬಂದವನು ಯಾಕೆ ಬಂದೆ ಅಂತ ಯೋಚಿಸುತ್ತಾ ನಿಲ್ಲುತ್ತೇನೆ!

ಆದರೆ ಒಂದು ನೆನಪಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ನಮ್ಮೂರು ಮಿರ್ಲೆಯಲ್ಲಿ ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಪಿರಿಯಾಪಟ್ಟಣದ ಕಡೆ ಸಂಸಾರ ಮಾಡಿಕೊಂಡಿದ್ದ ಅತ್ತೆ ಇದ್ದಕ್ಕಿದ್ದಂತೆ ನಮ್ಮ ಮನೆಗೆ ಬಂದು ಒಂದು ತಿಂಗಳು ಉಳಿದಳು. ಅಷ್ಟೂ ದಿನ ನನ್ನ ಜೊತೆ ಸ್ಕೂಲಿಗೆ ಬಂದಳು. ಜಗಲಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತಳು. ಮಕ್ಕಳು ಮಗ್ಗಿ ಬಿಟ್ಟು ಕಿಟಕಿಯಲ್ಲಿ ಜೋತುಬಿದ್ದು ಅವಳ ಮೀಸೆ ನೋಡುತ್ತಿದ್ದರು, ನಾನು ನಾಚಿಕೆಯಿಂದ ಬೆಂಚಿನ ಕೆಳಗೆ ತೂರಿಕೊಳ್ಳುತ್ತಿದ್ದೆ. ಯಾಕೆ ಬಂದಳು? ಯಾರಿಗೆ ಗೊತ್ತು! ನಲವತ್ತು ವರ್ಷದಿಂದ ನಾನಿದನ್ನು ಅವಳ ಹುಚ್ಚಾಟಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಹೇಳುತ್ತಿದ್ದೇನೆ.

ಎರಡನೆಯದು ಆಧಾರ್ ಕಾರ್ಡಿನದು. ಫಾರಂ ತುಂಬುವ ಹುಡುಗಿ ಅವಳ ಹೆಸರು ಬರೆದು, ಮುಖ ನೋಡಿ, 'ಸ್ತ್ರೀ' ಅನ್ನುವ ಕಡೆ ಬೆರಳು ಒಯ್ದು ಒಂದು ಗಳಿಗೆ ತಡೆದಳಂತೆ. ಅತ್ತೆ ಹೇಳಿದ್ದು ಇಷ್ಟು: "ಬೆರಳಿಂದು ತಕ್ಕಂಡೆ, ಕಣ್ಣಿಂದು ತಕ್ಕಂಡೆ. ಮೀಸೆ ಯಾಕವ್ವ ಬುಟ್ಟೀಯ, ಅದ್ನೂ ತಕ್ಕೋ. ಗುರುತಿಗೆ ಅದೇ ಗಟ್ಟಿ."

ಇಂಥ ಅತ್ತೆ ಹೋದ ವರ್ಷ ನಮ್ಮ ಮನೆಗೆ ಬಂದು, ಲೇಸರಿನಲ್ಲಿ ಕೂದಲು ತೆಗೆಯುವ ಕ್ಲಿನಿಕ್ ಹುಡುಕೋಣ ನಡಿ ಅಂದರೆ ನನಗೆ ಹೇಗಾಗಬೇಡ?

ತನಗಲ್ಲ, ನನ್ನ ಮಗಳಿಗೆ. ಹುಣಸೂರಿನಿಂದ ದಿನಾ ಮೈಸೂರಿಗೆ ಬಸ್ಸಿನಲ್ಲಿ ಹೋಗಿ ಬಿ.ಕಾಂ. ಓದುವ ಹತ್ತೊಂಬತ್ತರ ಹುಡುಗಿ. ವಂಶದ ಮೀಸೆ ನನ್ನನ್ನು ದಾಟಿ ನೇರ ಅವಳಿಗೆ ಬಂದಿತ್ತು. ಗಲ್ಲಕ್ಕೂ ಇಳಿದಿತ್ತು. ಹತ್ತು ದಿನಕ್ಕೊಮ್ಮೆ ಪಾರ್ಲರಿನಲ್ಲಿ ದಾರ ಹಾಕಿಸಿ ಕೀಳಿಸಿಕೊಳ್ಳುತ್ತಿದ್ದಳು. ಕ್ಲಾಸಿನ ಹುಡುಗರು ಅವಳಿಗೆ 'ಅಣ್ಣ' ಅಂತ ಹೆಸರಿಟ್ಟರು. ಅವಳು ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸಿದಳು. ಹಾಜರಾತಿ ಈಗಾಗಲೇ ಕಡಿಮೆಯಾಗಿದೆ, ಇನ್ನು ಕೆಲವು ದಿನ ತಪ್ಪಿಸಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಕಾಲೇಜಿನಿಂದ ಪತ್ರ ಬಂತು. ಒಂದು ವರ್ಷ ಹೋದರೆ ಅವಳು ಮತ್ತೆ ಆ ಗೇಟು ತುಳಿಯುವುದಿಲ್ಲ ಅನ್ನುವುದು ನನಗೂ ಅವಳಮ್ಮನಿಗೂ ಗೊತ್ತಿತ್ತು.

ನಾನೇನು ಮಾಡಿದೆ? ವಿದ್ಯಾವಂತ ಅಪ್ಪ ಏನು ಮಾಡುತ್ತಾನೋ ಅದನ್ನೇ. ಅವಳೆದುರು ಕೂತು, ಸೌಂದರ್ಯದ ಕಲ್ಪನೆ ಸಮಾಜ ಕಟ್ಟಿದ್ದು, ಕೂದಲು ಸಹಜ ಅಂತ ಮುಕ್ಕಾಲು ಗಂಟೆ ಮಾತಾಡಿದೆ. ಅವಳು ಎದ್ದು ಹೋಗಿ ಬಾಗಿಲು ಹಾಕಿಕೊಂಡಳು.

"ಅವಳು ಕೇಳಿದ್ದು ಔಸ್ದಿ, ನೀನು ಕೊಟ್ಟಿದ್ದು ಭಾಷಣ" ಅಂದಳು ಅತ್ತೆ.

ನೀನೇ ಜೀವಮಾನವೆಲ್ಲ ಮೀಸೆ ಬಿಟ್ಟುಕೊಂಡು ತಿರುಗಿದವಳು, ಈಗ ಅವಳಿಗೆ ತೆಗೆಸು ಅಂತೀಯಲ್ಲ, ಯಾವ ನ್ಯಾಯ ಅಂತ ಕೇಳಿದೆ.

"ಇಟ್ಕೊಳದೂ ನಮ್ಮಿಷ್ಟ, ತೆಗ್ಸದೂ ನಮ್ಮಿಷ್ಟ. ಇದ್ರಲ್ಲಿ ಊರೋರ್ದು ಯಾವ ಓಟು? ನಿಂದೂ ಇಲ್ಲ ಕಣ್ಲಾ, ಸುಮ್ನಿರು."

ಹುಡುಕಾಟ ಶುರುವಾಯಿತು. ಯಾವುದು ಒಳ್ಳೆಯದು ಅಂತ ತಿಳಿಯುವುದು ಹೇಗೆ? ಎಲ್ಲ ಬೋರ್ಡಿನ ಮೇಲೂ ಅದೇ ನುಣ್ಣನೆಯ ಕೆನ್ನೆ, ಅದೇ ನಗು. ನಾನು ಲ್ಯಾಪ್‌ಟಾಪ್ ತೆಗೆದು ಓದಿ, ಅತ್ತೆಗೆ ವಿವರಿಸಿದೆ. ಲೇಸರ್ ಅನ್ನುವುದು ಬೆಳಕು. ಅದು ಕೂದಲಿನ ಕಪ್ಪನ್ನು ಹಿಡಿದು ಬುಡಕ್ಕಿಳಿದು ಸುಡುತ್ತದೆ. ಬಿಳಿ ಕೂದಲಲ್ಲಿ ಹಿಡಿಯಲು ಏನೂ ಇಲ್ಲ, ಆದ್ದರಿಂದ ನಿನ್ನಂಥವಳ ಮೀಸೆಗೆ ಲೇಸರ್ ತಗಲುವುದೇ ಇಲ್ಲ ಅಂದೆ.

ಅತ್ತೆಯ ಕಣ್ಣು ಮಿಂಚಿದ್ದನ್ನು ನಾನು ಆಗಲೇ ಗಮನಿಸಬೇಕಿತ್ತು.

ಅತ್ತೆ ಮೂವತ್ತು ವರ್ಷ ಹೊಗೆಸೊಪ್ಪು ವಿಂಗಡಿಸುವ ಹೆಂಗಸರ ಗುಂಪಿಗೆ ಯಜಮಾನಿಯಾಗಿದ್ದವಳು. ಬ್ಯಾರನ್ ಅನ್ನುವ ಬಿಸಿಗೂಡಿನಲ್ಲಿ ಬೆಂದು ಬಂದ ಎಲೆಯನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುವ ಕೆಲಸ. ಗುಂಪಿಗೆ ಹೊಸಬಳು ಬಂದರೆ ಅವಳಿಗೊಂದು ಪರೀಕ್ಷೆ. ಸುಟ್ಟು ಕಪ್ಪಾದ ಒಂದು ಎಲೆಯನ್ನು ಪ್ರೀತಿಯಿಂದ ಸವರುತ್ತಾ, "ಎಂಗದವ್ವ ಇದು?" ಅಂತ ಕೇಳುವುದು. ಯಜಮಾನಿಯನ್ನು ಮೆಚ್ಚಿಸಲು "ಬಂಗಾರ ಕಣಕ್ಕ" ಅಂದವಳು ಗೋಣಿ ಹೊಲಿಯಲು ಹೋಗಬೇಕು. "ಇದು ಸುಟ್ಟೋಗದೆ" ಅಂದವಳು ಅತ್ತೆಯ ಪಕ್ಕದಲ್ಲಿ ಕೂರಬೇಕು. ಈಗ ಅವಳ ತುಟಿಯ ಮೇಲೇ ಅಂಥದೊಂದು ಎಲೆ ಇದೆ ಅಂತ ನಾನೇ ತೋರಿಸಿಕೊಟ್ಟಿದ್ದೆ!

ಮೊದಲನೆಯದು ಹುಣಸೂರಿನಲ್ಲೇ ಇತ್ತು. ಗಾಜಿನ ಬಾಗಿಲು, ಎ.ಸಿ. ಮಗಳು ಮಾಸ್ಕ್ ಹಾಕಿಕೊಂಡು ಕಾರಿನಲ್ಲೇ ಉಳಿದಳು. ಅತ್ತೆ ಒಳಗೆ ಹೋಗಿ, ಸೆರಗು ಸರಿಮಾಡಿಕೊಂಡು, ಮೂತಿ ಮುಂದೆ ಚಾಚಿ, "ಇದು ಓಯ್ತದಾ?" ಅಂದಳು. ಕೌಂಟರಿನ ಹುಡುಗಿ ಕಣ್ಣೆತ್ತುವ ಮೊದಲೇ ಹೋಗುತ್ತೆ ಅಂದಳು. ಎಂಟು ಸಿಟಿಂಗ್, ಆಮೇಲೆ ಲೈಫ್‌ಟೈಮ್ ಗ್ಯಾರಂಟಿ.

"ಯಾರ ಲೈಫ್‌ಟೈಮವ್ವ, ನಂದಾ, ನಿನ್ ಮಿಸೀನ್ದಾ?"

ಹುಡುಗಿ ಮೊದಲ ಸಲ ಅವಳ ಮುಖ ನೋಡಿದಳು. ಅಷ್ಟರಲ್ಲಿ ನಾವು ಹೊರಗಿದ್ದೆವು.

ಕೆ.ಆರ್. ನಗರದಲ್ಲಿ ಬಿಳಿ ಕೋಟಿನವನೊಬ್ಬ ಯಂತ್ರ ಜರ್ಮನಿಯದು ಅಂದ. ಬಿಳಿ, ಕಪ್ಪು, ಕೆಂಪು, ಅದಕ್ಕೆ ಭೇದವಿಲ್ಲವಂತೆ! ಅವನ ಕೋಟಿನ ತೋಳು ಮೇಲೆತ್ತಿಸಿ ಅತ್ತೆ ನೋಡಿದಳು. ಕರಡಿಯ ಹಾಗಿತ್ತು. ಇಷ್ಟು ಒಳ್ಳೆಯ ಯಂತ್ರ ಇಟ್ಟುಕೊಂಡು ನೀನ್ಯಾಕಪ್ಪ ಹೀಗಿದ್ದೀಯ ಅಂತ ವಿಚಾರಿಸಿದಳು. ಅವನು ಮಾತು ತಿರುಗಿಸಿ, ಜೋಡಿಯಾಗಿ ಬಂದರೆ ರಿಯಾಯಿತಿ ಇದೆ ಅಂದ. ಅತ್ತೆ ನನ್ನ ಕಿವಿ ಹಿಡಿದು ಬೆಳಕಿಗೆ ತಿರುಗಿಸಿ, ಇವನಿಗೆ ಇಲ್ಲೂ ಅದೆ, ಎಣಿಸಿಕೋ ಅಂದಳು. ನಾನು ಭೌತಶಾಸ್ತ್ರದ ಉಪನ್ಯಾಸಕ, ಅಲ್ಲಿ ಕಾದು ಕೂತಿದ್ದ ಇಬ್ಬರು ನನ್ನ ಹಳೆಯ ವಿದ್ಯಾರ್ಥಿನಿಯರು!

ಹಂಪಾಪುರಕ್ಕೆ ಗೃಹಪ್ರವೇಶಕ್ಕೆ ಹೋದಾಗ ಹೆಚ್.ಡಿ. ಕೋಟೆಯ ಒಂದು ಕ್ಲಿನಿಕ್ಕಿನ ಬ್ಯಾನರ್ ಕಂಡು ಅಲ್ಲಿಗೂ ಓಡಿದೆವು. ಅಲ್ಲಿದ್ದವರು ಹಲ್ಲಿನ ಡಾಕ್ಟರು. ಯಂತ್ರ ಬಾಡಿಗೆಯದು, ಮುಂದಿನ ವಾರ ವಾಪಸು ಹೋಗುತ್ತದೆ, ನಿಜ ಹೇಳಬೇಕೆಂದರೆ ತನಗೂ ಅದರ ಮೇಲೆ ಧೈರ್ಯವಿಲ್ಲ ಅಂತ ಒಪ್ಪಿಕೊಂಡರು. ಆ ಪ್ರಾಮಾಣಿಕತೆಗೆ ಮನಸೋತು ಅತ್ತೆ ಒಂದು ಹಲ್ಲು ಕೀಳಿಸಿಕೊಂಡು ಬಂದಳು.

ನಾಲ್ಕನೆಯದು ಪಿರಿಯಾಪಟ್ಟಣದ್ದು. ಗೊಬ್ಬರದ ಅಂಗಡಿಯ ಮೇಲೆ, ಕಿರಿದಾದ ಮೆಟ್ಟಿಲು, ಪ್ಲಾಸ್ಟಿಕ್ ಕುರ್ಚಿಗಳು, ವಾರಕ್ಕೆರಡು ದಿನ ಬರುವ ಚರ್ಮದ ಡಾಕ್ಟರಮ್ಮ. ನನಗೆ ಕೆಳಗಿನ ಯೂರಿಯಾ ವಾಸನೆಗೇ ನಂಬಿಕೆ ಹೋಗಿತ್ತು. ಆಕೆ ಟಾರ್ಚ್ ಹಿಡಿದು ಅತ್ತೆಯ ಮೀಸೆಯನ್ನು ಎಡದಿಂದ ಬಲಕ್ಕೆ ನೋಡಿದರು.

"ಇದಕ್ಕೆ ನನ್ನ ಹತ್ರ ಏನೂ ಇಲ್ಲ ಅಮ್ಮ. ಬಿಳೀದು ಲೇಸರಿಗೆ ಕಾಣೋದೇ ಇಲ್ಲ. ಯಾರಾದರೂ ತೆಗೀತೀವಿ ಅಂದ್ರೆ ನಂಬಬೇಡಿ."

ಅತ್ತೆ ನನ್ನ ಕಡೆ ತಿರುಗಿ, "ಇವ್ಳು ಎಲೆ ಬಲ್ಲೋಳು ಕಣೋ. ಕೂಸ್ನ ಕರಿ" ಅಂದಳು.

ಡಾಕ್ಟರಮ್ಮ ಮಗಳ ಮಾಸ್ಕ್ ತೆಗೆಸಿ, ಮುಟ್ಟಿನ ಲೆಕ್ಕ ಕೇಳಿ, ಮೊದಲು ರಕ್ತ ಪರೀಕ್ಷೆ ಬರೆದರು. ಪೂರ್ತಿ ಹೋಗುತ್ತದೆ ಅನ್ನಲಿಲ್ಲ. ಕಡಿಮೆಯಾಗುತ್ತದೆ, ನಿಧಾನ, ಆಗಾಗ ಬರಬೇಕಾಗುತ್ತದೆ ಅಂದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಮಾತು ಹೇಳಿದರು: ಮೊದಲ ಸಲಕ್ಕೆ ಮುಂಚೆ ಒಂದು ತಿಂಗಳು ದಾರ ಹಾಕಿಸಬಾರದು, ಕೀಳಬಾರದು. ಬುಡವೇ ಇಲ್ಲದಿದ್ದರೆ ಲೇಸರ್ ಹಿಡಿಯುವುದು ಏನನ್ನು? ಬೇಕಾದರೆ ಬ್ಲೇಡ್ ಹಾಕಬಹುದಂತೆ. ಮಗಳು ತಲೆ ಅಲ್ಲಾಡಿಸಿದಳು. 'ಅಣ್ಣ' ಅನ್ನಿಸಿಕೊಂಡವಳು ಅಪ್ಪನ ರೇಜರ್ ಹಿಡಿಯುತ್ತಾಳೆಯೇ?

ಕಾರನ್ನು ಹುಣಸೂರಿನ ಕಡೆ ತಿರುಗಿಸಿದೆ. ಒಂದು ತಿಂಗಳು! ಬೆಳೆದ ಮೀಸೆ, ಗಡ್ಡ ಹೊತ್ತು ಕಾಲೇಜಿಗೆ ಹೋಗಬೇಕು, ಇಲ್ಲವೇ ಮನೆಯಲ್ಲಿ ಕೂತು ವರ್ಷ ಕಳೆದುಕೊಳ್ಳಬೇಕು. ಹುಣಸೂರು ಹತ್ತಿರ ಬಂದಾಗ ಮಗಳು, ಈ ವರ್ಷ ಕಾಲೇಜು ಪರೀಕ್ಷೆ ಬೇಡ ಅಜ್ಜಿ, ಮನೇಲೇ ಇರ್ತೀನಿ ಅಂದಳು.

ಅತ್ತೆ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ನಾಳಿಂದ ನಾನೂ ಬತ್ತೀನಿ. ಬಸ್ಸಲ್ಲಿ ನನ್ ಪಕ್ಕ ಕೂತ್ಕೊ. ನೋಡೋ ಕಣ್ಣೆಲ್ಲ ನನ್ ಮೀಸೆ ಮೇಲ್ ಬೀಳ್ತವೆ, ನಿನ್ ಪಾಡಿಗೆ ನೀನು ಓದ್ಕೊ."

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಮದುವೆಗೆ ಹೊರಟವಳ ಹಾಗೆ ಬಂದಿದ್ದಳು. ಕೆಂಪು ರೇಷ್ಮೆ, ತಲೆ ತುಂಬ ಕನಕಾಂಬರ, ಮೀಸೆಗೆ ಕೊಬ್ಬರಿ ಎಣ್ಣೆ! ಡ್ರೈವರ್ ಹಿಂದಿನ ಸೀಟು ಹಿಡಿದು ಇಡೀ ಬಸ್ಸಿನ ಕಡೆ ಮುಖ ತಿರುಗಿಸಿ ಕೂತಳು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಮರೆತು ನಿಂತ. ಕಾಲೇಜಿನ ಗೇಟಿನೆದುರು ಟೀ ಅಂಗಡಿಯ ಬೆಂಚು ಅವಳ ಠಿಕಾಣಿಯಾಯಿತು. ಹುಡುಗರು ಸೆಲ್ಫಿಗೆ ಮುತ್ತಿದರು. ಮೂರನೆಯ ದಿನ 'ಅಣ್ಣ' ಅಂತ ಹೆಸರಿಟ್ಟ ಹುಡುಗನೂ ಬಂದನಂತೆ. ಮಗಳು ದೂರದಿಂದ ತೋರಿಸಿದ್ದಳು. ಅತ್ತೆ ಅವನ ನುಣ್ಣನೆಯ ಮೇಲ್ದುಟಿಯನ್ನು ಮರುಕದಿಂದ ನೋಡಿ, "ನಿಂಗಿನ್ನೂ ಬಂದಿಲ್ವಾ ಮಗ? ಬತ್ತದೆ ಬುಡು, ಬೇಜಾರ್ ಮಾಡ್ಕಬ್ಯಾಡ" ಅಂದಳು.

ಆ ಸಂಜೆ ಇದನ್ನು ಹೇಳುವಾಗ ಮಗಳು ನಗುತ್ತಿದ್ದಳು. ಮಾಸ್ಕ್ ಗಲ್ಲದ ಕೆಳಗಿತ್ತು. ಅದು ಅಲ್ಲಿದೆ ಅನ್ನುವುದು ಅವಳಿಗೇ ಗೊತ್ತಿರಲಿಲ್ಲ.

ಹಾಜರಾತಿ ಸಾಕಾಯಿತು. ತಿಂಗಳೂ ಮುಗಿಯಿತು. ಮಾರನೆಯ ದಿನ ಪಿರಿಯಾಪಟ್ಟಣಕ್ಕೆ ಹೊರಡಬೇಕು, ಮೊದಲ ಲೇಸರ್. ಮಗಳು ಒಳಗೆ ಪರೀಕ್ಷೆಯ ಫಾರಂ ತುಂಬುತ್ತಿದ್ದಳು. ಅತ್ತೆ ಹೊರಗೆ ಕೂತು ಮೊರದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. ತಿಂಗಳೆಲ್ಲ ಇಬ್ಬರನ್ನೂ ಬಸ್ಸು ಹತ್ತಿಸಿ, ಹೊರಟ ಬಸ್ಸಿನ ಬೆನ್ನು ನೋಡಿದ ನನಗೆ ಇದ್ದಕ್ಕಿದ್ದಂತೆ ಮಿರ್ಲೆಯ ಜಗಲಿ ನೆನಪಾಯಿತು. ಕೇಳಿದೆ, "ಅತ್ತೆ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ತಿಂಗಳು ಯಾಕೆ ಸ್ಕೂಲಿಗೆ ಬರ್ತಿದ್ದೆ?"

"ನಿನ್ ತಲೆ ತುಂಬ ಕಜ್ಜಿ ಆಗಿ, ಕೂದ್ಲೆಲ್ಲ ಉದುರಿ, ಅಲ್ಲಲ್ಲಿ ಬೋಳಾಗಿತ್ತಲ್ಲೋ. ಹೈಕ್ಳು ಆಡ್ಕೊಂಡು ನಗ್ತಿದ್ವು. ನೀನು ಸ್ಕೂಲಿಗೆ ಓಗಲ್ಲ ಅಂತ ಕಣಜದ ಹಿಂದೆ ಅವಿತ್ಕೊಂಡಿದ್ದೆ." ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ಗ್ಯಾಪ್ಕ ಇಲ್ವಾ?"

ಕಜ್ಜಿ? ಬೋಳು? ಕಣಜ? ಎಷ್ಟು ತಡಕಿದರೂ ಒಂದೂ ಸಿಗಲಿಲ್ಲ. ಇಲ್ಲ ಅಂದೆ.

"ಒಂಚೂರೂ?"

"ಒಂಚೂರೂ ಇಲ್ಲ ಅತ್ತೆ."

"ಒಳ್ಳೇದಾಯ್ತು ಬುಡು" ಅಂದಳು. ಅವಳು ಅಷ್ಟು ತೃಪ್ತಿಯಿಂದ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಮತ್ತೆ ಕಡಲೆಕಾಯಿ ಬಿಡಿಸತೊಡಗಿದಳು.

ನಾನು ನನ್ನ ತಲೆ ಸವರಿಕೊಂಡೆ. ನನ್ನ ನೆನಪಿನ ಆ ಸ್ಕೂಲಿನಲ್ಲಿ ಜಗಲಿಯಿದೆ, ಕಿಟಕಿಯಿದೆ, ಕಪ್ಪು ಮೀಸೆಯ ಅತ್ತೆ ಇದ್ದಾಳೆ. ಬೋಳು ತಲೆಯ ಹುಡುಗ ಎಲ್ಲೂ ಇಲ್ಲ. ಅಲ್ಲಿದ್ದವರೆಲ್ಲ ಅವಳನ್ನೇ ನೋಡಿದ್ದರು. ನಾನೂ.