ಧೂಳು ಹತ್ತದ ಜುಬ್ಬ

ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಎಂದು ನನ್ನನ್ನು ಮಾತಾಡಿಸಲು ಬಂದವರೆಲ್ಲ ಹೇಳಿದರು. ಯಾಕೆ ಇಟ್ಟುಕೊಳ್ಳಬಾರದು? ಬದುಕಿದ್ದಾಗ ನಮ್ಮ ಯಜಮಾನರಿಗೆ ನನ್ನ ಸಿಟ್ಟು ಕೇಳಿಸಿಕೊಳ್ಳಲು ಪುರುಸೊತ್ತೇ ಇರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ಮಗ್ಗ ಇಟ್ಟುಕೊಂಡವರು ಸೀರೆ ನೇಯ್ದು ಸುಮ್ಮನಿರುತ್ತಾರೆ. ಇವರು ಹಾಗಲ್ಲ. ಚಂದ್ರನ ಮೇಲೆ ಇಳಿದವರ ಉಡುಪಿಗೆ ಅಲ್ಲಿನ ಧೂಳು ಮೆತ್ತಿಕೊಂಡು, ಕೊಡವಿದರೂ ಹೋಗಲಿಲ್ಲವೆಂದು ಪತ್ರಿಕೆಯಲ್ಲಿ ಓದಿದರು. "ನೇಯ್ದವನಿಗೆ ಕಸುಬು ಗೊತ್ತಿಲ್ಲ ಕಣೇ. ನೂಲಿನ ಮಧ್ಯೆ ಸಂದಿ ಬಿಟ್ರೆ ಧೂಳು ಕೂರದೆ ಇನ್ನೇನ್ ಮಾಡುತ್ತೆ?" ಎಂದವರೇ ಸೀರೆಯ ಕೆಲಸ ಬಿಟ್ಟು ಧೂಳು ಹತ್ತದ ಬಟ್ಟೆ ನೇಯಲು ಕೂತರು. ನಮ್ಮ ಬೀದಿಯ ಬಸ್ಸುಗಳು ಎಬ್ಬಿಸುವ ಕೆಮ್ಮಣ್ಣನ್ನು ಗುಡಿಸಿ ಗುಡಿಸಿ ಸೊಂಟ ಬಿದ್ದುಹೋದವಳು ನಾನು. ನನ್ನ ಸೀರೆಗೆ ಅಂಥ ಬಟ್ಟೆ ಬೇಕೆಂದು ಒಂದು ದಿನವೂ ಅವರಿಗೆ ಹೊಳೆಯಲಿಲ್ಲ. ಚಂದ್ರಲೋಕದವರ ಕಷ್ಟ ಮಾತ್ರ ಹೊಳೆಯಿತು!

ಮೊದಲು ಗಂಜಿಯನ್ನು ದಪ್ಪಗೆ ಬಳಿದರು. ಧೂಳಿಗಿಂತ ಮುಂಚೆ ಇರುವೆ ಬಂದವು.

"ಚಂದ್ರನಲ್ಲಿ ಇರುವೆ ಇಲ್ಲ ಬಿಡು" ಎಂದರು.

"ಹಾಗಾದ್ರೆ ಅಲ್ಲೇ ಹೋಗಿ ಒಣಗಹಾಕ್ರೀ" ಎಂದೆ.

ಆಮೇಲೆ ರೇಷ್ಮೆಯನ್ನು ಒತ್ತಾಗಿ ನೇಯ್ದು, ಮೇಣ ಸವರಿ, ನನ್ನ ತವರಿನ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಉಜ್ಜಿದರು. ಚೊಂಬು ಕರ್ರಗಾಯಿತು, ಬಟ್ಟೆ ಕನ್ನಡಿಯಾಯಿತು. ಅದರಲ್ಲೇ ಜುಬ್ಬ ಹೊಲಿಸಿಕೊಂಡು, ಪರೀಕ್ಷೆಗೆಂದು ದೇವನಹಳ್ಳಿಗೆ ಬಸ್ಸಿನಲ್ಲಿ ಹೋಗಿ ಬಂದರು. ತಲೆ, ಮುಖ, ಮೀಸೆಯೆಲ್ಲ ಕೆಂಪು. ಜುಬ್ಬ ಮಾತ್ರ ಆಗತಾನೆ ಒಗೆದ ಹಾಗಿತ್ತು. ಎದುರುಮನೆ ನಂಜಪ್ಪ, "ಏನ್ ಗುರು, ಚಂದ್ರನಿಂದ ಯಾವ ಬಸ್ಸಿಗೆ ಬಂದ್ಬಿಟ್ಟೆ?" ಎಂದ. ಇವರು ಹೆಮ್ಮೆಯಿಂದ ಹಲ್ಲು ಬಿಟ್ಟರು. ಮುಖದಲ್ಲಿ ಬೆಳ್ಳಗಿದ್ದುದು ಅದೊಂದೇ.

ಈಗ ಮಗ್ಗ ನೋಡಿಕೊಳ್ಳುತ್ತಿರುವ ಮೈದುನ ಮೊನ್ನೆ ಕೇಳಿದ: "ಅತ್ತಿಗೆ, ಆ ಜುಬ್ಬದ ಹೊಲಿಗೆ ಬಿಚ್ಚಿ ಮಗ್ಗದ ಮೋಟಾರಿಗೆ ಹೊದಿಸ್ತೀನಿ. ಪೆಟ್ಟಿಗೇಲಿಟ್ಕೊಂಡು ಏನ್ ಮಾಡ್ತೀರಾ?"

"ಮುಟ್ಟು ನೋಡೋಣ, ಕೈ ಮುರೀತೀನಿ" ಎಂದೆ. ನಾನು ಅಂಥ ಮಾತು ಆಡುವವಳಲ್ಲ. ಅವನು ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹೋದ.

ಬಾಗಿಲು ಹಾಕಿಕೊಂಡು ಜುಬ್ಬ ತೆಗೆದು ಮುಖಕ್ಕೆ ಒತ್ತಿಕೊಂಡೆ. ಬೆವರಿಲ್ಲ, ನಶ್ಯದ ಘಾಟಿಲ್ಲ, ಅವರಿದ್ದ ಗುರುತೇ ಇಲ್ಲ. ಧೂಳಿಗೆ ಜಾಗ ಕೊಡದ ಮಹಾನುಭಾವರು ತಮಗೂ ಒಂದಿಷ್ಟು ಜಾಗ ಇಟ್ಟುಕೊಳ್ಳಬಾರದಿತ್ತೇ?

ಬೇರೆ ಅಂಗಿಗಳಿರಲಿಲ್ಲವೇ ಎಂದು ಕೇಳಬೇಡಿ. ಸೂತಕ ಕಳೆಯುವ ದಿನ ಅವನ್ನೆಲ್ಲ ಸೋಡಾ ಹಾಕಿ ಕುದಿಸಿ, ಕಾಲರಿನ ಕೊಳೆ ಬಿಡುವವರೆಗೂ ಕಲ್ಲಿಗೆ ಬಡಿದು ಒಗೆದವಳು ನಾನೇ. ಬಾವಿಕಟ್ಟೆಯಲ್ಲಿದ್ದವರು, "ಎಷ್ಟು ಚೊಕ್ಕಟವಾಗಿ ಒಗೀತೀಯಮ್ಮಾ" ಎಂದರು. ಆ ದುಃಖದಲ್ಲೂ ನನಗೆ ಒಂದು ಚೂರು ಹೆಮ್ಮೆಯಾಗಿತ್ತು.