ದೇವರ ನೆಲದ ಮೇಲೆ ತಂಗಿಯ ಮನೆ

ಹೊಟ್ಟೆಕಿಚ್ಚಿಗೆ ಕಣ್ಣು ದೂರಕ್ಕೆ ಕಾಣುವುದಿಲ್ಲ ಎಂಬುದು ನನ್ನ ಅನುಭವ. ದೊಡ್ಡ ಎಸ್ಟೇಟಿನ ಸಾಹುಕಾರರ ಕಾರು ನನ್ನ ಸೀರೆಗೆ ಕೆಸರು ಹಾರಿಸಿಕೊಂಡು ಹೋದರೂ ಆ ಕಾರಿನ ಮೇಲೆ ನನಗೆ ಆಸೆ ಹುಟ್ಟುವುದಿಲ್ಲ, ಸೀರೆಯ ಚಿಂತೆ ಮಾತ್ರ ಹುಟ್ಟುತ್ತದೆ. ಅದೇ ನನ್ನ ತಂಗಿ ಪ್ರೇಮ ಹೊಸದೊಂದು ಕುಕ್ಕರ್ ತಂದಳೆಂದು ಸುದ್ದಿ ಬಂದರೆ, ಆವತ್ತು ನಮ್ಮ ಮನೆಯ ಕುಕ್ಕರಿನ ಸೀಟಿ ನನಗೆ ಕರ್ಕಶವಾಗಿ ಕೇಳುತ್ತದೆ. ಒಂದೇ ತಾಯಿಯ ಹಾಲು ಕುಡಿದವರು, ಒಂದೇ ಚಾಪೆಯಲ್ಲಿ ಮಲಗಿದವರು, ಒಬ್ಬಳ ಹಳೆಯ ಲಂಗವನ್ನು ಇನ್ನೊಬ್ಬಳು ಉಟ್ಟು ಬೆಳೆದವರು. ಅಳತೆಗೋಲು ಅಷ್ಟು ಹತ್ತಿರದಲ್ಲಿದ್ದರೆ ಅಳೆಯದೆ ಇರುವುದು ಹೇಗೆ? ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಲೆಕ್ಕದಲ್ಲಿ ಯಾವತ್ತೂ ಹಿಂದೆ. ಆದರೆ ತಂಗಿಯ ಮನೆಗೂ ನಮ್ಮ ಮನೆಗೂ ಇರುವ ವ್ಯತ್ಯಾಸದ ಲೆಕ್ಕವನ್ನು ಪೆನ್ಸಿಲ್ಲು ಮುಟ್ಟದೆ ಮಾಡಬಲ್ಲೆ.

ನಮ್ಮ ಮನೆ ಇರುವುದು ಹಾರಂಗಿ ಕಾಲುವೆಯ ಆಚೆ. ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ನೆಲೆ ನಿಂತ ಜಾಗ. ಖಾತೆ ಯಜಮಾನರ ಹೆಸರಿನಲ್ಲಿದೆ, ನೆಲದಿಂದ ಆಕಾಶದವರೆಗೂ ನಮ್ಮದೇ. ಅಲ್ಲಿಗೆ ಹೋಗುವ ದಾರಿ ಮಾತ್ರ ನಮ್ಮದಲ್ಲ. ಮಳೆಗಾಲದಲ್ಲಿ ಅದು ಯಾರದ್ದೂ ಅಲ್ಲ. ಆಟೋದವರು ಕಾಲುವೆಯ ಹತ್ತಿರವೇ ನಿಲ್ಲಿಸಿ, ಅಕ್ಕಾ ಇಲ್ಲಿಂದ ನಡ್ಕೊಳ್ಳಿ ಅನ್ನುತ್ತಾರೆ. ಪ್ರೇಮಳ ಮನೆ ಮಾದಾಪುರದಲ್ಲಿ, ಬಸ್ಸು ಇಳಿದರೆ ಮೆಟ್ಟಿಲಿಗೇ ಕಾಲು. ಮುಂದೆ ಅವಳ ಗಂಡ ರಘುವಿನ ಮೋಟರ್ ರಿಪೇರಿ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಎರಡು ಕಿತ್ತಳೆ ಗಿಡ, ಬಾವಿಯಲ್ಲಿ ಬೇಸಿಗೆಗೂ ನೀರು. ಇಷ್ಟನ್ನು ಅವರು ನಾವು ನಮ್ಮ ಮನೆಗೆ ಹೆಂಚು ಬದಲಿಸಲು ಸುರಿದ ದುಡ್ಡಿಗಿಂತ ಸ್ವಲ್ಪವೇ ಹೆಚ್ಚು ಕೊಟ್ಟು ಕೊಂಡುಕೊಂಡರು ಎಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಯಜಮಾನರು ಅಜೀರ್ಣವೆಂದು ಓಮದ ಕಾಳು ಕೊಟ್ಟರು.

ಆಮೇಲೆ ಒಂದು ವಾರಕ್ಕೆ ಔಷಧಿ ಸಿಕ್ಕಿತು. ಆ ಮನೆ ಅಷ್ಟು ಅಗ್ಗಕ್ಕೆ ಸಿಕ್ಕಿದ್ದೇಕೆಂದರೆ ನೆಲ ಊರ ದೇವಸ್ಥಾನದ್ದು. ಹಿಂದೆ ಯಾರೋ ಒಬ್ಬರು ಮೂವತ್ತು ವರ್ಷಕ್ಕೆ ಲೀಸಿಗೆ ತೆಗೆದುಕೊಂಡು ಮನೆ ಕಟ್ಟಿಸಿದ್ದರು. ಮಕ್ಕಳಿಲ್ಲದ ಅವರು ಮನೆಯನ್ನೂ ಮಿಕ್ಕ ವರ್ಷಗಳನ್ನೂ ಸೇರಿಸಿ ಪ್ರೇಮ ದಂಪತಿಗೆ ಮಾರಿದ್ದರು. ಗೋಡೆ ತಂಗಿಯದು, ಗೋಡೆ ನಿಂತ ನೆಲ ದೇವರದು. ವರ್ಷಕ್ಕೊಮ್ಮೆ ನೆಲಬಾಡಿಗೆ ಕಟ್ಟಬೇಕು, ಕಾರ್ತಿಕದಲ್ಲಿ ಒಂದು ದಿನದ ದೀಪದ ಎಣ್ಣೆ ಕೊಡಬೇಕು. ಇದನ್ನು ಕೇಳಿದ ಮೇಲೆ ನನಗೆ ಎರಡು ಮುದ್ದೆ ಇಳಿಯಿತು. ಅಂದಿನಿಂದ ನೆಂಟರ ಮದುವೆಗಳಲ್ಲಿ, ನಾಮಕರಣಗಳಲ್ಲಿ, ಒಂದು ತಿಥಿಯಲ್ಲೂ ಕೂಡ, ಪ್ರೇಮ ಮನೆ ತಗೊಂಡಳಂತಲ್ಲ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಅಯ್ಯೋ ಮನೆ ಎಲ್ಲಿ ಬಂತು, ದೇವರ ಒಕ್ಕಲಾಗಿ ಇದ್ದಾರೆ ಪಾಪ ಎನ್ನುತ್ತಿದ್ದೆ. ಆ ಪಾಪ ಎನ್ನುವ ಪದವನ್ನು ನಾನು ಹೇಳುತ್ತಿದ್ದ ರೀತಿ ಚೆನ್ನಾಗಿತ್ತು. ನನಗೇ ಕಣ್ಣಲ್ಲಿ ನೀರು ಬರುತ್ತಿತ್ತು.

ಬರೀ ಅಷ್ಟಕ್ಕೆ ಹೊಟ್ಟೆ ತಣ್ಣಗಾಗಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಆ ಲೀಸಿನಲ್ಲಿ ಇನ್ನೂ ಏನೇನು ಹುಳುಕು ಇರಬಹುದು ಎಂದು ತಿಳಿಯುವ ಆಸೆ ಹುಟ್ಟಿತು. ಕುಶಾಲನಗರಕ್ಕೆ ರೇಷನ್ ತರಲು ಹೋದಾಗ ಪತ್ರ ಬರೆಯುವವರ ಜಗಲಿಯಲ್ಲಿ ಕೂತು ವಿಚಾರಿಸತೊಡಗಿದೆ. ನನ್ನ ಗೆಳತಿಯ ಕಥೆ ಎಂದು ಹೇಳಿ ಕೇಳಿದೆ. ಅವರು ಬೇಸರವಿಲ್ಲದೆ ಹೇಳಿದರು: ಲೀಸಿನ ಮನೆ ಕೊಳ್ಳುವಾಗ ಮೊದಲು ನೋಡಬೇಕಾದ್ದು ಗೋಡೆಯ ಬಣ್ಣವಲ್ಲ, ಉಳಿದಿರುವ ವರ್ಷ. ವರ್ಷ ಕರಗಿದ ಹಾಗೆ ಮನೆಯ ಬೆಲೆಯೂ ಕರಗುತ್ತದೆ. ಸಾಲದ ಕಂತು ಮುಗಿಯುವ ಮೊದಲೇ ಲೀಸು ಮುಗಿಯುವ ಹಾಗಿದ್ದರೆ ಬ್ಯಾಂಕಿನವರು ಚಹಾ ಕೊಟ್ಟು ಕಳಿಸುತ್ತಾರೆ. ನೆಲದ ಒಡೆಯರ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ, ಮಾಳಿಗೆ ಏರಿಸುವಂತಿಲ್ಲ, ಒಳಬಾಡಿಗೆಗೆ ಕೊಡುವಂತಿಲ್ಲ. ಕೈ ಬದಲಾದಾಗ ವರ್ಗಾವಣೆ ಶುಲ್ಕ, ಅವಧಿ ಮುಂದುವರಿಸಲು ಮತ್ತೊಂದು ಮೊತ್ತ, ಅದರ ಮೇಲೆ ನೋಂದಣಿ ಖರ್ಚು. ಮುಂದುವರಿಸಿಕೊಳ್ಳುವುದಕ್ಕೆ ತಡ ಮಾಡಿದಷ್ಟೂ ಒಡೆಯರ ಕೈ ಮೇಲು. ನಾನು ಒಂದೊಂದನ್ನೂ ಕಲ್ಲುಸಕ್ಕರೆಯ ಹಾಗೆ ಚೀಪಿದೆ. ಶಾಲೆಯಲ್ಲಿ ಮೇಷ್ಟ್ರು ಇಂಥ ಪಾಠವನ್ನು ತಂಗಿಯ ಮನೆಗೆ ಸೇರಿಸಿ ಹೇಳಿದ್ದರೆ ನಾನು ಕಾಲೇಜಿಗೂ ಹೋಗುತ್ತಿದ್ದೆನೋ ಏನೋ.

ಪತ್ರದವರಿಂದ ತೃಪ್ತಿಯಾಗದೆ ಮೂಲಕ್ಕೇ ಹೋದೆ. ತಂಗಿಯ ಮನೆಗೆ ಹೋದಾಗಲೆಲ್ಲ ಕೈ ಮುಗಿದು ಬರುತ್ತೇನೆಂದು ದೇವಸ್ಥಾನಕ್ಕೆ ಹೋಗಿ, ಸಮಿತಿಯ ಕಾರ್ಯದರ್ಶಿ ಪೂವಯ್ಯನವರನ್ನು ಮಾತಿಗೆಳೆಯುತ್ತಿದ್ದೆ. ಒಳ್ಳೆಯ ಹಿರಿಯರು. ಅವರೇ ಒಂದು ದಿನ ಹೇಳಿದ್ದು: ಪತ್ರದಲ್ಲಿ ಲೀಸು ಬೇಸಿಗೆಗೆ ಮುಗಿಯುತ್ತದೆ ಎಂದು ಬರೆದಿದ್ದರೂ ಈ ಊರಿನ ಕ್ರಮ ಬೇರೆ. ಹುತ್ತರಿ ಸುಗ್ಗಿಹಬ್ಬಕ್ಕೆ ಗದ್ದೆಯಿಂದ ಹೊಸ ಭತ್ತದ ಕದಿರು ತೆಗೆಯುವುದಕ್ಕೆ ಮುಂಚೆ ಅರ್ಜಿ ಕೊಟ್ಟವರ ಜಾಗವನ್ನು ಮಾತ್ರ ಸಮಿತಿ ಮುಂದುವರಿಸುತ್ತದೆ. ಹುತ್ತರಿ ಕಳೆದ ಮೇಲಿನ ಸಭೆಯಲ್ಲಿ ಅರ್ಜಿ ಇಲ್ಲದ ಜಾಗವನ್ನು ಹರಾಜಿಗೆ ಹಾಕುತ್ತಾರೆ. ಗೋಡೆ, ಮಾಡು ಎಲ್ಲದಕ್ಕೂ ಸಮಿತಿ ಕಟ್ಟಿದ ಬೆಲೆಯೇ ಬೆಲೆ. ಹಳೆಯ ಒಕ್ಕಲುಗಳಿಗೆಲ್ಲ ಇದು ಗೊತ್ತಿದ್ದರಿಂದ ಯಾರೂ ಯಾರಿಗೂ ಹೇಳುವುದಿಲ್ಲವಂತೆ. ಪ್ರೇಮ, ರಘು ಹೊಸಬರು. ಪತ್ರ ಓದಬಲ್ಲವರು. ಓದಬಲ್ಲವರು ಊರನ್ನು ಕೇಳುವುದಿಲ್ಲ.

ದಸರಾ ಮುಗಿದ ಮೇಲೆ ಪ್ರೇಮ ಫೋನಿನಲ್ಲಿ ಮಾತಾಡುತ್ತಾ, ಲೀಸ್ ಮುಗಿಯಕ್ಕೆ ಬಂತಕ್ಕ, ಬೇಸಿಗೇಲಿ ನೋಡ್ಕೊಂಡ್ರಾಯ್ತು ಅಂತ ಇವರು ಸುಮ್ಮನವ್ರೆ ಎಂದಳು. ಆಗ ನಾನು ಹೇಳಬೇಕಾಗಿತ್ತು. ಬಾಯಿಯ ತನಕ ಬಂತು. ಆದರೆ ಅದೇ ಉಸಿರಿನಲ್ಲಿ ಅವಳು, ಅಡುಗೆಮನೆಗೆ ಗ್ರಾನೈಟ್ ಹಾಕಿಸ್ದೆ ಕಣಕ್ಕ, ಒರೆಸಿದ್ರೆ ಮುಖ ಕಾಣ್ತದೆ ಎಂದುಬಿಟ್ಟಳು. ನನ್ನ ಬಾಯಿಯಿಂದ ಬಂದದ್ದು, "ಹೂಂ, ನಿಧಾನಕ್ಕೆ ನೋಡ್ಕೊಳ್ಳಿ, ಏನವಸರ" ಎಂಬ ಮಾತು. ಎಷ್ಟು ಮೆತ್ತಗೆ ಹೇಳಿದೆನೆಂದರೆ ನನಗೇ ಭಯವಾಯಿತು.

ಅಂದಿನಿಂದ ನನಗೆ ನೆಮ್ಮದಿ ಇಲ್ಲ. ಸೊಪ್ಪು ಸೋಸುವಾಗ, ಹಸುವಿಗೆ ಹುಲ್ಲು ಹಾಕುವಾಗ, ಪ್ರೇಮ ಗಂಟುಮೂಟೆ ಕಟ್ಟಿಕೊಂಡು ಕಾಲುವೆ ದಾಟಿ ಬರುವುದು ಕಣ್ಣಿಗೆ ಕಟ್ಟುತ್ತಿತ್ತು. ಅವಳು ಬಂದು ನಮ್ಮ ಮನೆಯಲ್ಲೇ ಇರಬೇಕಾಗುತ್ತದೆ, ಆ ಗ್ರಾನೈಟಿನ ನೆನಪು ತೆಗೆದು ದಿನವೂ ಅಳುತ್ತಾಳೆ ಎಂದು ಹೊಳೆದಾಗ ಇನ್ನೂ ಸಂಕಟವಾಯಿತು. ಕೊನೆಗೆ ಯಜಮಾನರಿಗೆ ಹೇಳಿದೆ. ಅವರು ಹೇಳಲಿ, ನನ್ನ ಪಾಪ ಕಳೆಯಲಿ, ನನಗೆ ಮೊದಲೇ ಗೊತ್ತಿತ್ತೆಂಬುದು ಮಾತ್ರ ತಂಗಿಗೆ ತಿಳಿಯದಿರಲಿ ಎಂಬ ಲೆಕ್ಕ. ಅವರು ಬೀಡಿ ಕೊಡವಿ, "ಫೋನು ನಿನ್ನ ಕೈಲೇ ಐತಲ್ಲ. ಮದುವೆಮನೇಲಿ ಮೈಕ್ ಇಲ್ದೆ ಮಾತಾಡ್ತೀಯ, ಇದಕ್ಕೆ ನಾನ್ಯಾಕೆ" ಎಂದು ಎದ್ದು ಹೋದರು.

ಹುತ್ತರಿಗೆ ಎರಡೋ ಮೂರೋ ದಿನವಿದ್ದಾಗ ಕಜ್ಜಾಯ ಕಟ್ಟಿಕೊಂಡು ಹೊರಟೆ. ತಪ್ಪು ಮಾಡಿದವರ ಕೈಚೀಲ ಯಾವಾಗಲೂ ಭಾರ. ಸುಂಟಿಕೊಪ್ಪದಲ್ಲಿ ಬಸ್ ಬದಲಿಸುವಾಗಲೂ ಮನಸ್ಸು ಗಟ್ಟಿಯಾಗಿಯೇ ಇತ್ತು, ಹೋದ ತಕ್ಷಣ ಹೇಳಿಬಿಡುವುದು. ಹೋದೆ. ಪ್ರೇಮ ಬಾ ಅಕ್ಕ ಎಂದು ಚೀಲ ಇಸಿದುಕೊಂಡು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದಳು. ಗ್ರಾನೈಟಿನಲ್ಲಿ ನಿಜವಾಗಿಯೂ ಮುಖ ಕಾಣುತ್ತಿತ್ತು. ನನ್ನದು. ಚೆನ್ನಾಗಿರಲಿಲ್ಲ. ಕಾಫಿ ಕುಡಿದೆ, ಕಿತ್ತಳೆ ತಿಂದೆ, ಸಿಹಿ ಇಲ್ಲ ಎಂದು ಇನ್ನೊಂದು ತಿಂದೆ. ಹೇಳಲಿಲ್ಲ. ವಾಪಸು ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು.

ಅಷ್ಟರಲ್ಲಿ ರಘುವಿನ ದೊಡ್ಡಪ್ಪನ ಮಗನೊಬ್ಬ ಬಂದ. ಅವನಿಗೂ ಅದೇ ಬೀದಿಯಲ್ಲಿ ಇಂಥದ್ದೇ ಒಂದು ಮನೆ ಕೊಳ್ಳುವ ಆಸೆಯಂತೆ. ರಘು ಕಾಲ ಮೇಲೆ ಕಾಲು ಹಾಕಿಕೊಂಡು ಅವನಿಗೆ ಪಾಠ ಹೇಳತೊಡಗಿದ. ಲೀಸು ಅಂದ್ರೆ ಹೆಸರಿಗಷ್ಟೇ, ಸ್ವಂತಕ್ಕೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ, ಎಷ್ಟು ವರ್ಷ ಉಳಿದಿದ್ರೇನು, ಬ್ಯಾಂಕಿನವರು ಕಣ್ಣು ಮುಚ್ಚಿ ಸಾಲ ಕೊಡ್ತಾರೆ, ಮುಗಿದ ದಿನ ಹೋಗಿ ಒಂದು ಸೈನ್ ಹಾಕಿದ್ರೆ ಮುಗೀತು. ನಾನು ಕೈಯಲ್ಲಿದ್ದ ಕಿತ್ತಳೆ ಸಿಪ್ಪೆಯನ್ನು ಹಿಂಡುತ್ತಾ ಕೂತಿದ್ದೆ. ಒಂದೊಂದು ಮಾತೂ ತಪ್ಪು. ಎರಡು ವರ್ಷ ಜಗಲಿ ಜಗಲಿ ಅಲೆದು ಸಂಪಾದಿಸಿದ ವಿದ್ಯೆ ನನ್ನದು. ಇವನು ನನ್ನ ಕಣ್ಣೆದುರಿಗೇ ಅದನ್ನು ಹೀಗೆ ಹಾಳು ಮಾಡುತ್ತಿದ್ದಾನೆ.

"ಯಾವನೋ ನಿಂಗೆ ಹೇಳ್ದೋನು?" ಎಂದೆ. ಆಮೇಲೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಉಳಿದ ವರ್ಷದ ವಿಚಾರ, ಬ್ಯಾಂಕಿನ ವಿಚಾರ, ವರ್ಗಾವಣೆ ಶುಲ್ಕ, ಮಾಳಿಗೆಗೆ ಒಪ್ಪಿಗೆ, ತಡವಾದರೆ ಏರುವ ಮೊತ್ತ, ಎಲ್ಲವನ್ನೂ ಸಾಲಾಗಿ ಹೇಳಿದೆ. ಬಂದವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಆ ನೋಟಕ್ಕೆ ಇನ್ನೂ ಹುಮ್ಮಸ್ಸು ಬಂದು, "ಮುಗಿದ ದಿನ ಹೋದ್ರೆ ಸೈನಲ್ಲ, ಹರಾಜು. ಹುತ್ತರಿ ಕದಿರು ತೆಗೆಯಕ್ ಮುಂಚೆ ಅರ್ಜಿ ಕೊಡ್ಬೇಕು, ಅದು ಇಲ್ಲಿ ಕ್ರಮ" ಎಂದು ಮುಗಿಸಿದೆ.

ಪ್ರೇಮಳ ಮುಖ ಬಿಳಿಚಿತು. ರಘು ಕಾಲ ಮೇಲಿನ ಕಾಲು ಇಳಿಸಿದ, ಚಪ್ಪಲಿಯನ್ನು ಅದಲುಬದಲಾಗಿ ಮೆಟ್ಟಿಕೊಂಡು ದೇವಸ್ಥಾನದ ಕಡೆ ಓಡಿದ. ನನ್ನಲ್ಲಿದ್ದ ಒಳ್ಳೆಯತನ ಅಂದು ಏನೂ ಮಾಡಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಅದು ಸುಂಟಿಕೊಪ್ಪದಲ್ಲೇ ಬಸ್ ಇಳಿದಿತ್ತು. ತಂಗಿಯ ಮನೆ ಉಳಿಸಿದ್ದು ನನ್ನ ಜಂಬ.

ಸಂಜೆ ಪೂವಯ್ಯನವರೇ ರಘುವಿನ ಜೊತೆ ಬಂದರು. ಅರ್ಜಿ ತೆಗೆದುಕೊಂಡಾಯಿತು, ಸಭೆಯಲ್ಲಿ ತೊಂದರೆ ಆಗುವುದಿಲ್ಲ ಎಂದರು. ನನ್ನನ್ನು ಕಂಡು, "ಈ ಅಮ್ಮ ಬಂದಾಗೆಲ್ಲ ಕೇಳ್ತಿದ್ರಲ್ಲ, ನಿಮ್ಗೆ ಹೇಳಿರ್ತಾರೆ ಅಂತ ನಾನು ಸುಮ್ನಿದ್ದೆ. ಇಂಥ ಅಕ್ಕ ಇದ್ರೆ ಮತ್ತೇನು ಬೇಕು ಹೇಳಿ. ಒಡಹುಟ್ಟಿದವರಿಗೆ ಇಷ್ಟು ಅಲೆಯುವವರು ಈಗ ಎಲ್ಲುಂಟು?" ಎಂದರು. ರಘು ನನ್ನ ಕಾಲಿಗೆ ಬಿದ್ದ. ಕಾಲು ಹಿಂದಕ್ಕೆ ಎಳೆದುಕೊಂಡೆ. ಅದನ್ನೂ ಅವರು ವಿನಯ ಎಂದುಕೊಂಡರು. ನನಗೆ ಯಾರಾದರೂ ಎರಡು ಬೈದಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು.

ಬಸ್ಸಿಗೆ ಬಿಡಲು ಬಂದ ಪ್ರೇಮಳಿಗೆ ತಡೆಯಲಾರದೆ ಹೇಳಿದೆ. "ನೋಡೇ, ನಾನು ಅದನ್ನೆಲ್ಲ ನಿನಗೋಸ್ಕರ ಕೇಳಿದ್ದಲ್ಲ. ಹೊಟ್ಟೆಕಿಚ್ಚಿಗೆ ಕೇಳಿದ್ದು."

ಅವಳು ನಕ್ಕಳು. "ಗೊತ್ತಕ್ಕ. ಚಿಕ್ಕೋಳಾಗಿದ್ದಾಗಿಂದ ನೋಡಿಲ್ವ ನಿನ್ನ? ಈ ಮನೇಲಿ ಏನಾದ್ರೂ ತೊಡಕಿದ್ರೆ ನಮ್ಮಕ್ಕ ಹುಡುಕ್ತಾಳೆ, ಹುಡುಕಿದ್ಮೇಲೆ ಒಂದು ಗಳಿಗೆ ಬಾಯಲ್ಲಿ ಇಟ್ಕೊಳ್ಳಲ್ಲ, ಅಂತ ಇವರಿಗೆ ಅವತ್ತೇ ಹೇಳಿದ್ದೆ. ಅದಕ್ಕೇ ನಾವು ತಲೆ ಕೆಡಿಸ್ಕೊಳ್ಲಿಲ್ಲ. ಮುಂದಿನ ಸಲಕ್ಕೂ ಒಂದಿಷ್ಟು ಹೊಟ್ಟೆಕಿಚ್ಚು ಉಳಿಸ್ಕೊಂಡಿರು."

ಒಂದು ಗಳಿಗೆ ಬಾಯಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ. ದಸರಾದಿಂದ ಹುತ್ತರಿಯವರೆಗೆ ಇಟ್ಟುಕೊಂಡಿದ್ದೆ. ಹೊಟ್ಟೆಕಿಚ್ಚನ್ನು ಒಪ್ಪಿಕೊಳ್ಳುವುದು ಸುಲಭವಾಗಿತ್ತು, ಅದು ಅವಳಿಗೆ ಗೊತ್ತಿದ್ದದ್ದೇ. ಮುಚ್ಚಿಟ್ಟದ್ದನ್ನು ಹೇಳಲು ಬಾಯಿ ತೆರೆದೆ, ಬಸ್ಸು ಬಂತು. ಬಸ್ಸು ಬಂದದ್ದಕ್ಕೆ ನನಗೆ ಖುಷಿಯಾಯಿತು. ಆ ಮಾತು ಇನ್ನೂ ನನ್ನ ಹತ್ತಿರವೇ ಇದೆ.

ಸಭೆ ಆಯಿತು, ಲೀಸು ಇನ್ನು ಮೂವತ್ತು ವರ್ಷ ಮುಂದೆ ಹೋಯಿತು, ನೋಂದಣಿಗೆ ಸಾಕ್ಷಿ ಹಾಕಲು ನನ್ನನ್ನೇ ಕರೆದರು. ಸುಂದರವಾಗಿ ಸಹಿ ಹಾಕಿ ಬಂದೆ. ಇನ್ನು ಮೇಲೆ ತಂಗಿಯ ಮನೆಯ ವಿಷಯಕ್ಕೆ ಹೋಗುವುದಿಲ್ಲ ಎಂದು ಅದೇ ದೇವರ ಮುಂದೆ ಕೈ ಮುಗಿದು ಹೇಳಿಯೂ ಬಂದೆ. ಮೊನ್ನೆ ಪ್ರೇಮ ಫೋನ್ ಮಾಡಿ, ಜಗಲಿಗೂ ಟೈಲ್ಸ್ ಹಾಕಿಸುತ್ತಿದ್ದೇವೆ, ಹೂವಿನ ಡಿಸೈನಿನದು ಎಂದಳು. ಸಂತೋಷ ಕಣೇ ಎಂದು ಫೋನ್ ಇಟ್ಟು, ಪೂವಯ್ಯನವರಿಗೆ ಫೋನ್ ಹಚ್ಚಿದೆ. ಜಗಲಿಯ ಟೈಲ್ಸಿಗೆ ಸಮಿತಿಯ ಒಪ್ಪಿಗೆ ಬೇಕಾಗುತ್ತದೆಯೇ ಎಂದು ಕೇಳಿದೆ.

ಬೇಡವಂತೆ.